ಚಾರ್ಜರಿನ ಕರೆಂಟಿನಲ್ಲಿ ಕೂಸು ತೂಗಿದವರು

ಮೊಬೈಲ್ ಚಾರ್ಜರನ್ನು ನಾನು ಮರ್ಯಾದಸ್ಥ ವಸ್ತುವೆಂದು ಎಂದೂ ಒಪ್ಪಿಲ್ಲ. ಫೋನಿಗೆ ಹಾಕಿಕೊಳ್ಳಲಿ, ಬೇಡವೆನ್ನುವುದಿಲ್ಲ. ಫೋನಿನ ಹೊಟ್ಟೆ ಎಮ್ಮೆಯ ಹೊಟ್ಟೆ ಇದ್ದಂತೆ, ಏನು ತುಂಬಿದರೂ ಅರಗಿಸಿಕೊಳ್ಳುತ್ತದೆ. ಆದರೆ ಅದೇ ಚಾರ್ಜರನ್ನು ತಂದು ತೂಕದ ಕಾಟಾಕ್ಕೆ ಚುಚ್ಚುವವರನ್ನು ಕಂಡರೆ, ಕುಡಿಯುವ ನೀರಿನ ಕೊಡದಲ್ಲಿ ಕಾಲು ತೊಳೆಯುವವರನ್ನು ಕಂಡ ಹಾಗಾಗುತ್ತದೆ ನನಗೆ. ಅಂಥವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಒಬ್ಬರು ನನ್ನ ಅಳಿಯ.

ನನ್ನ ಕಸುಬು ಎಲೆಕ್ಟ್ರಾನಿಕ್ ಕಾಟಾ ಮಾಡುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು. ಕಪನೂರದಲ್ಲಿ ಒಂದು ತಗಡಿನ ಶೆಡ್ಡಿದೆ. ತೊಗರಿಬೇಳೆ ಮಿಲ್ಲಿನ ಚೀಲ ತೂಗುವ ಕಾಟಾದಿಂದ ಹಿಡಿದು ಬಂಗಾರದಂಗಡಿಯ ಅಂಗೈಯಗಲದ ಕಾಟಾದವರೆಗೆ ಎಲ್ಲವೂ ಅಲ್ಲಿಯ ಮೇಜಿನ ಮೇಲೆ ಮಲಗಿ ಎದ್ದು ಹೋಗಿವೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬಿಟ್ಟಿದ್ದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸಿಲ್ಲ, ಯಾರ ಕೆಳಗೂ ಕೆಲಸ ಮಾಡಿಲ್ಲ, ನನ್ನ ಕಾಟಾ ತಪ್ಪು ತೂಗಿತೆಂದು ಯಾರಿಂದಲೂ ಅನ್ನಿಸಿಕೊಂಡಿಲ್ಲ. ಮನೆ ಕಮಲಾಪುರದಲ್ಲಿ. ಮುಂಜಾನೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ನಡುವೆ ಸೋಲ್ಡರಿನ ಹೊಗೆ. ಇಷ್ಟೇ ನನ್ನ ಬದುಕು, ಮತ್ತು ಇದು ನನಗೆ ಸಾಕು.

ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಕಲಬುರಗಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಎತ್ತಿಕೊಂಡರೆ ಕೈಯಲ್ಲಿ ಏನಾದರೂ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿಕೊಂಡರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಒಂದು ಕರಾರು ಹಾಕಿದರು: ದಿನಾ ಮುಂಜಾನೆ ಹಾಲು ಕುಡಿಸುವ ಮೊದಲು ತೂಗಬೇಕು. ತೂಕ ಸ್ವಲ್ಪ ಸ್ವಲ್ಪವೇ ಏರುತ್ತಿದ್ದರೆ ಮನೆಯಲ್ಲಿಯೇ ಇರಲಿ. ಇಳಿದರೆ ತಡ ಮಾಡದೆ ವಾಪಸ್ಸು ತರಬೇಕು, ಮತ್ತೆ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ.

ಮಗಳು ಆಟೋದಲ್ಲಿ ಕೂತ ಮೇಲೆ ಒಂದೇ ಮಾತು ಹೇಳಿದಳು. "ಯಪ್ಪಾ, ಇನ್ನೊಮ್ಮಿ ಆ ಗಾಜಿನ ಪೆಟಗಿ ಮುಂದ ನಿಂದ್ರಾಕ ನನ್ನ ಕೈಲಿ ಆಗಂಗಿಲ್ಲ. ಮುಟ್ಟಾಕೂ ಬರಂಗಿಲ್ಲ, ಎತ್ತಾಕೂ ಬರಂಗಿಲ್ಲ."

"ಯಾಕ ನಿಂದ್ರತಿ, ಏರತದ ತೂಕ," ಎಂದೆ ನಾನು.

ಏರುತ್ತದೋ ಇಲ್ಲವೋ ಎಂದು ಹೇಳಬೇಕಾದ ಕಾಟಾ ಮಾತ್ರ ಅಳಿಯ ತಂದದ್ದಾಗಿತ್ತು. ಅಳಿಯನ ಅಂಗಡಿ ಸೂಪರ್ ಮಾರ್ಕೆಟ್ಟಿನಲ್ಲಿದೆ. ಮೊಬೈಲ್ ಕವರು, ಇಯರ್‌ಫೋನು, ಚಾರ್ಜರು. ಹೌದು, ಚಾರ್ಜರು ಮಾರುವುದೇ ಅವರ ಕಸುಬು. ನಾನೇ ನೋಡಿ ಕೊಟ್ಟ ಸಂಬಂಧ, ಯಾರನ್ನು ಬೈಯಲಿ? ಫೋನಿನಲ್ಲೇ ಆರ್ಡರ್ ಮಾಡಿ ಕೂಸು ತೂಗುವ ಕಾಟಾ ತರಿಸಿದ್ದರು. ಗುಲಾಬಿ ಬಣ್ಣದ ಪ್ಲಾಸ್ಟಿಕ್ಕು, ಮೇಲೆ ಆನೆಮರಿಯ ಚಿತ್ರ. ಅದರ ಸೆಲ್ಲು ಎರಡೇ ದಿನಕ್ಕೆ ಸತ್ತವು. ಹೊಸ ಸೆಲ್ಲು ತರುವುದು ಬಿಟ್ಟು, ಅಂಗಡಿಯ ಒಂದು ಚಾರ್ಜರಿನ ವೈರು ಕತ್ತರಿಸಿ, ಹಲ್ಲಿನಿಂದ ಸುಲಿದು, ಸೆಲ್ಲಿನ ಜಾಗದಲ್ಲಿ ಸುತ್ತಿ, ಟೇಪು ಅಂಟಿಸಿ, ಗೋಡೆಯ ಪ್ಲಗ್ಗಿಗೆ ಹಾಕಿದರು. ಮಾಡಿ ಮುಗಿಸಿ ನನ್ನ ಕಡೆ ನೋಡಿದರು, ಶಾಭಾಶ್ ಅನ್ನಲಿ ಎಂಬಂತೆ.

ಕೂಸನ್ನು ಮಲಗಿಸಿದೆವು. ಅಂಕಿ ಏರಿತು, ಇಳಿಯಿತು, ಮತ್ತೆ ಏರಿತು. ನೂರು ಗ್ರಾಂ ಮೇಲೆ, ನೂರು ಗ್ರಾಂ ಕೆಳಗೆ. ಕೂಸು ನಿದ್ದೆಯಲ್ಲಿತ್ತು. ಅಲುಗಾಡುತ್ತಿದ್ದುದು ಅಂಕಿ ಮಾತ್ರ.

"ಈಗ ಯಾವುದು ಬರ್ಕೊಳ್ಳಿ?" ಮಗಳು ಕೇಳಿದಳು.

"ನಡುವಿಂದು ಹಿಡಿ," ಎಂದರು ಅಳಿಯ.

"ನಡುವಿಂದು!" ಎಂದೆ. "ದಿನಕ್ಕ ಇಪ್ಪತ್ತ ಗ್ರಾಂ ಏರಬೇಕಾದ ಕೂಸು. ನಿಮ್ಮ ಕಾಟಾ ಉಸುರು ಬಿಡೂದ್ರಾಗ ಎರಡ ನೂರು ಗ್ರಾಂ ಕುಣಿತದ. ನಡುವು ಎಲ್ಲದ ತೋರಸ್ರಿ ನೋಡೂಣು."

"ಮಾವಾರ, ಐದು ವೋಲ್ಟ್ ಅಂದ್ರ ಐದು ವೋಲ್ಟೇ ಅಲ್ರಿ? ನೀವ ಮೀಟರ್ ಹಚ್ಚಿ ನೋಡ್ರಿ, ಐದೇ ತೋರಸ್ತದ."

"ಮೀಟರು ಹಬ್ಬಕ್ಕ ಬಂದ ಬೀಗರಂಗ್ರಿ. ಎಲ್ಲಾ ಚಲೋ ಅದ ಅಂತ ಹೇಳಿ ಹೋಗತದ. ಅಡಗಿ ಮನ್ಯಾಗ ಏನ್ ನಡದದ ಅದಕ್ಕ ಗೊತ್ತಾಗಂಗಿಲ್ಲ."

ಅಳಿಯ ನಕ್ಕರು. ನಾನು ನಗಲಿಲ್ಲ. ಓದುವವರಿಗೂ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದವರೇ ಹೆಚ್ಚು. ಕಾಟಾದ ಹೊಟ್ಟೆಯಲ್ಲಿ ಲೋಡ್ ಸೆಲ್ ಎಂಬ ಒಂದು ಲೋಹದ ಪಟ್ಟಿ ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಬಾಗಿದ್ದಕ್ಕೆ ತಕ್ಕಂತೆ ಇಷ್ಟೇ ಇಷ್ಟು ವೋಲ್ಟೇಜು ಹುಟ್ಟುತ್ತದೆ, ಒಂದು ವೋಲ್ಟಿನ ಸಾವಿರದಲ್ಲೊಂದು ಭಾಗದಲ್ಲಿ ಅದರ ಆಟ. ಆ ಪಿಸುಮಾತನ್ನು ಕೇಳಿ ಅಂಕಿಯಾಗಿ ಬದಲಿಸುವುದಕ್ಕೆ ಒಂದು ಚಿಪ್ಪಿದೆ, ಎಡಿಸಿ ಅನ್ನುತ್ತಾರೆ. ಪಿಸುಮಾತು ಕೇಳುವವನ ಪಕ್ಕದಲ್ಲಿ ಹಲಗೆ ಬಾರಿಸಿದರೆ ಏನಾದೀತು? ಚಾರ್ಜರು ಮಾಡುವುದು ಅದನ್ನೇ. ಅದು ಕರೆಂಟನ್ನು ಕೊಚ್ಚಿ ಕೊಚ್ಚಿ ಕೊಡುತ್ತದೆ, ಒಂದೊಂದು ಏಟಿಗೂ ಒಂದೊಂದು ಮುಳ್ಳು. ಪಾಪ, ಚಿಪ್ಪು ಆ ಮುಳ್ಳನ್ನೂ ಕೂಸಿನ ತೂಕವೆಂದೇ ಎಣಿಸಿ ತೋರಿಸುತ್ತದೆ. ತಪ್ಪು ಚಿಪ್ಪಿನದಲ್ಲ, ಅದಕ್ಕೆ ಉಣಿಸಿದವರದು.

ನನ್ನ ಹೆಂಡತಿಯ ತಕರಾರು ಬೇರೆಯೇ ಇತ್ತು. ಅವಳಿಗೆ ತೂಗುವುದೇ ಸೇರುತ್ತಿರಲಿಲ್ಲ. "ಹಸಿ ಕೂಸಿನ್ನ ದಿನಾ ತೂಗತಾರೇನ್ರಿ? ಅದೇನ್ ಬೆಲ್ಲಾ? ದಿಟ್ಟಿ ಆಗತದ." ಅವಳು ಮೊದಲ ದಿನವೇ ತೊಟ್ಟಿಲ ಕೆಳಗೆ ಕುಡುಗೋಲು ಇಟ್ಟಿದ್ದಳು. ಕೂಸಿನ ಹತ್ತಿರ ಕಬ್ಬಿಣವಿದ್ದರೆ ಕೆಟ್ಟ ಕಣ್ಣು ತಾಕುವುದಿಲ್ಲವಂತೆ. ನಾನು ಅದನ್ನು ತೆಗೆಸಿದೆ. "ಕಣ್ಣು ಬೀಳೂದು ಮುಂದಿನ ಮಾತು, ಯಾರರ ಕಾಲು ಬಿದ್ದರ?" ಎಂದು ನಗೆಯಾಡಿದೆ. ಕುಡುಗೋಲು ಹಿತ್ತಲಿಗೆ ಹೋಯಿತು. ವಿಷಯ ಮುಗಿಯಿತೆಂದುಕೊಂಡೆ.

ಆನೆಮರಿಯ ಕಾಟಾವನ್ನು ಮಂಚದ ಕೆಳಗೆ ದೂಡಿ, ನಾನೇ ಒಂದು ಕಾಟಾ ಕಟ್ಟಲು ಕೂತೆ. ಲೋಡ್ ಸೆಲ್ಲು ಶೆಡ್ಡಿನಲ್ಲಿತ್ತು. ಬೇಳೆ ಮಿಲ್ಲಿನವರು ಬಿಟ್ಟುಹೋಗಿದ್ದ ಅಲ್ಯೂಮಿನಿಯಂ ತಟ್ಟೆಯನ್ನು ಬಡಿದು ದೋಣಿಯಾಕಾರ ಮಾಡಿದೆ. ಚಿಪ್ಪು ಇತ್ತು. ಉಳಿದದ್ದು ಸಪ್ಲೈ, ಅಂದರೆ ಇವಕ್ಕೆಲ್ಲ ಕರೆಂಟು ಉಣಿಸುವ ಭಾಗ. ಜನ ಕಾಟಾ ಕೊಳ್ಳುವಾಗ ಬಣ್ಣ ನೋಡುತ್ತಾರೆ, ಡಿಸ್‌ಪ್ಲೇ ಎಷ್ಟು ಕೆಂಪಗಿದೆ ನೋಡುತ್ತಾರೆ. ಅದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಕೇಳಿದ ಒಬ್ಬ ಗಿರಾಕಿಯನ್ನೂ ನಾನು ಕಂಡಿಲ್ಲ. ಮನೆ ಕಟ್ಟುವಾಗ ಕಿಟಕಿಯ ಪರದೆ ಆರಿಸಿ ತಳಪಾಯ ಮರೆತವರ ಹಾಗೆ.

ಸಾಮಾನು ತರಲು ಸೂಪರ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ ಹೋದೆ. ಬಿಡಿಭಾಗದ ಅಂಗಡಿಯ ಭಾಯ್ ನನಗೆ ಹಳೆಯ ಪರಿಚಯ. ನನ್ನನ್ನು ಕಂಡರೆ ಉಸ್ತಾದ್ ಅನ್ನುತ್ತಾನೆ, ಆಮೇಲೆ ಕಾಲೆಳೆಯುತ್ತಾನೆ.

"ಆವೋ ಉಸ್ತಾದ್. ಏನ್ ಕೊಡ್ಲಿ?"

"ಸಣ್ಣದೊಂದು ಟ್ರಾನ್ಸ್‌ಫಾರ್ಮರ್ ಕೊಡು. ತಾಮ್ರದ ಸುತ್ತಿಂದು."

"ಯಾ ಅಲ್ಲಾ! ಇಡೀ ಕಲಬುರಗ್ಯಾಗ ಇದನ್ನ ಕೇಳಾವ್ರು ಇಬ್ಬರೇ ನೋಡ್ರಿ. ಒಬ್ಬರು ನೀವು, ಇನ್ನೊಬ್ಬ ಗುಜರಿಯಾಂವ."

"ಅಂವ ತಾಮ್ರಕ್ಕ ಕೇಳ್ತಾನ."

"ಮತ್ತ ನೀವು?"

"ಮೊಮ್ಮಗಳಿಗೆ."

ಭಾಯ್ ಹೊಳೆಯುವ ಒಂದು ಅಡಾಪ್ಟರನ್ನು ಎತ್ತಿ ತೋರಿಸಿದ. "ಇದು ಒಯ್ರಿ, ಹಗೂರ ಅದ. ಡಬ್ಬಿ ಮ್ಯಾಲ ನೋಡ್ರಿ, ಒಂದೀಟೂ ಸದ್ದಿಲ್ಲ ಅಂತ ಛಾಪಿಸ್ಯಾರ."

"ಡಬ್ಬಿ ಮ್ಯಾಲ ಛಾಪಿಸಿದ್ದಕ್ಕ ಸದ್ದು ಹೋಗೂದಾದ್ರ ನಿನ್ನ ಹಣಿ ಮ್ಯಾಲನೂ ಒಂದು ಛಾಪಸ್ತೀನಿ, ತಡಿ."

ಅವನು ನಗುತ್ತ ಅಟ್ಟ ಹತ್ತಿ, ಧೂಳು ಊದಿ ಟ್ರಾನ್ಸ್‌ಫಾರ್ಮರ್ ಕೊಟ್ಟ. ಕೈಗೆ ಭಾರವಾಗಿ ಬಂತು. ಸಪ್ಲೈಯನ್ನು ನಾನು ಮೊದಲು ಅಳೆಯುವುದೇ ಹಾಗೆ. ಹಗುರವಾಗಿದ್ದರೆ ಒಳಗೆ ತಾಮ್ರವಿಲ್ಲ, ಕರೆಂಟು ಕೊಚ್ಚುವ ಚಾರ್ಜರಿನ ಜಾತಿಯೇ ಎಂದು ಅನುಮಾನ ಶುರು.

ಟ್ರಾನ್ಸ್‌ಫಾರ್ಮರ್ ಹಾಕಿ, ಮುಂದೆ ವೋಲ್ಟೇಜು ಏರಿಳಿಯದಂತೆ ಹಿಡಿಯುವ ರೆಗ್ಯುಲೇಟರ್ ಕೂರಿಸಿ, ದಪ್ಪ ಕೆಪ್ಯಾಸಿಟರ್ ಕಟ್ಟಿದೆ. ನೂರು ಗ್ರಾಂ ಕುಣಿತ ಹತ್ತಕ್ಕೆ ಇಳಿಯಿತು. ಬೇರೆಯವರಾಗಿದ್ದರೆ ಅಲ್ಲಿಗೇ ಕೈ ತೊಳೆದು ಬಿಲ್ಲು ಮಾಡುತ್ತಿದ್ದರು. ನಾನು ನೋಡುತ್ತ ಕೂತೆ. ಅಂಕಿ ಎಂಟಕ್ಕೆ ಹೋದಾಗ ಒಂದು ತರಹ, ಒಂದಕ್ಕೆ ಬಂದಾಗ ಇನ್ನೊಂದು ತರಹ ನಡುಗುತ್ತಿತ್ತು. ಎಂಟು ಬರೆಯಲು ಎಲ್ಲ ಕೆಂಪು ಕಡ್ಡಿಗಳೂ ಉರಿಯಬೇಕು, ಒಂದಕ್ಕೆ ಎರಡೇ ಸಾಕು. ಅಂದರೆ ಡಿಸ್‌ಪ್ಲೇ ಎಂಬ ಹೊಟ್ಟೆಬಾಕ ಕರೆಂಟನ್ನು ಗಬಗಬ ಎಳೆಯುತ್ತ, ಅದೇ ತಾಟಿನಲ್ಲಿ ಉಣ್ಣುವ ಚಿಪ್ಪಿನ ಕೈ ಅಲುಗಿಸುತ್ತಿತ್ತು. ಇಬ್ಬರಿಗೂ ಬೇರೆ ಬೇರೆ ತಾಟು ಹಾಕಿದೆ, ಒಬ್ಬೊಬ್ಬರಿಗೆ ಒಂದೊಂದು ರೆಗ್ಯುಲೇಟರ್. ಕರೆಂಟು ವಾಪಸ್ಸು ಹೋಗುವ ವೈರುಗಳನ್ನೂ ಬೇರೆ ಬೇರೆ ಎಳೆದು ಒಂದೇ ಒಂದು ಕಡೆ ಕೂಡಿಸಿದೆ. ನಡುಗುವುದು ನಿಂತಿತು.

ಮನೆಗೆ ತಂದು ಹಚ್ಚಿದರೆ ಮತ್ತೆ ನಡುಗಿತು! ಕಪನೂರದ ಶೆಡ್ಡಿನಲ್ಲಿ ಕಲ್ಲಿನಂತೆ ನಿಂತದ್ದು ಕಮಲಾಪುರದಲ್ಲಿ ಯಾಕೆ ನಡುಗಬೇಕು? ಕಿವಿಗೊಟ್ಟೆ. ಪಕ್ಕದ ಮನೆಯವರ ಹಿಟ್ಟಿನ ಗಿರಣಿ. ಅದರ ಮೋಟಾರು ಎಷ್ಟು ಹಳೆಯದೆಂದರೆ, ಅದು ಶುರುವಾದರೆ ನಮ್ಮ ಮನೆಯ ಬಲ್ಬು ಕಣ್ಣು ಮಿಟುಕಿಸುತ್ತದೆ. ಗಿರಣಿಯವನಿಗೆ ಮೋಟಾರಿನ ಬ್ರಷ್ಷು ಬದಲಿಸಲು ಹೇಳುವುದೂ ಗೋಡೆಗೆ ಹೇಳುವುದೂ ಒಂದೇ. ಗೋಡೆಯ ಕರೆಂಟಿನ ಸಹವಾಸವೇ ಬೇಡವೆಂದು, ಅಂಗಡಿ ಕಾಟಾಗಳಲ್ಲಿರುವಂಥ ಆರು ವೋಲ್ಟಿನ ಬ್ಯಾಟರಿ ಒಳಗೆ ಕೂರಿಸಿದೆ. ಬ್ಯಾಟರಿಯಷ್ಟು ಶುದ್ಧ ಸಪ್ಲೈ ಮನುಷ್ಯ ಮಾಡಿದ್ದರಲ್ಲಿ ಇನ್ನೊಂದಿಲ್ಲ. ಅದಕ್ಕೆ ಅಕ್ಕಪಕ್ಕದವರ ಗೊಡವೆಯಿಲ್ಲ. ಟ್ರಾನ್ಸ್‌ಫಾರ್ಮರ್ ಇರುಳು ಅದಕ್ಕೆ ಉಣಿಸಲಿ. ತೂಗುವ ಮೊದಲು ಪ್ಲಗ್ಗು ಕಿತ್ತುಬಿಡುವುದು, ಅದೇ ಕಟ್ಟಳೆ.

ಕೊನೆಗೆ ಕೌದಿ. ಚಳಿಗಾಲ, ಬರಿ ತಟ್ಟೆಯಲ್ಲಿ ಕೂಸನ್ನು ಮಲಗಿಸುವಂತಿಲ್ಲ. ಹೆಂಡತಿ ಹಳೆ ಸೀರೆಯಿಂದ ಹೊಲಿದ ಪುಟ್ಟ ಕೌದಿಯನ್ನು ಮಡಿಸಿ ಹಾಸಿ, ಅದರ ತೂಕ ಕಳೆದು ಸೊನ್ನೆ ಬರುವಂತೆ ಕಾಟಾದ ನೆನಪಿನಲ್ಲಿ ಕೂರಿಸಿದೆ. ಕೌದಿಯ ಮೇಲೆ ಸರ್ಕಾರಿ ಮುದ್ರೆ ಬಿದ್ದ ಎರಡು ಕಿಲೋದ ತೂಕದ ಕಲ್ಲು ಇಟ್ಟೆ. ಎರಡು ಕಿಲೋ. ಬೆರಳು ತೆಗೆದೆ, ಕೆಮ್ಮಿದೆ, ಗಿರಣಿ ಓಡಿತು. ಎರಡು ಕಿಲೋ.

ಮರುದಿನ ಮುಂಜಾನೆ ಹೆಂಡತಿ ಕೂಸನ್ನು ಕೌದಿ ಸಮೇತ ಎತ್ತಿ ತಂದು ತಟ್ಟೆಯಲ್ಲಿಟ್ಟಳು. ಅಂಕಿ ಬಂದು ನಿಂತಿತು, ಗೋಡೆಗೆ ಹೊಡೆದ ಮೊಳೆಯ ಹಾಗೆ. ಆಸ್ಪತ್ರೆಯಿಂದ ಬರುವಾಗ ಬರೆದುಕೊಟ್ಟಿದ್ದ ತೂಕಕ್ಕಿಂತ ಬಹಳ ಹೆಚ್ಚಿತ್ತು.

"ಮಾವಾರ, ಇಷ್ಟ ದಿನದಾಗ ಇಷ್ಟು ಏರತದೇನ್ರಿ?" ಅಳಿಯನಿಗೆ ಅನುಮಾನ.

"ಏರಿಲ್ಲ. ಅವ್ರ ಕಾಟಾನೇ ಕಮ್ಮಿ ತೋರಸ್ತದ. ಅದಕ್ಕೂ ನಿಮ್ಮಂಥಾವ್ರೇ ಯಾರೋ ಚಾರ್ಜರ್ ಹಾಕಿರಬೇಕು."

ಮುಂದೆ ದಿನಾ ಮುಂಜಾನೆ ತೂಕ ಏರುತ್ತ ಹೋಯಿತು. ಒಂದು ದಿನ ಹದಿನೈದು ಗ್ರಾಂ, ಒಂದು ದಿನ ಇಪ್ಪತ್ತೈದು. ಮಗಳ ಮುಖಕ್ಕೆ ಬಣ್ಣ ಬಂತು. ಊರಿನ ತೋಟದವರು ಕೊಟ್ಟ ಕೆಂಪು ಬಾಳೆಹಣ್ಣನ್ನು ಹೆಂಡತಿ ನನ್ನ ಕಾಟಾದ ಮೇಲಿಟ್ಟು ತೂಗಲು ಹೋಗಿ ನನ್ನಿಂದ ಬೈಸಿಕೊಂಡಳು. ಮನೆ ಮತ್ತೆ ಮನೆಯಂತಾಯಿತು.

ಒಂದು ಸಂಜೆ ಓಣಿಯ ಹೆಂಗಸರು ಕೂಸು ನೋಡಲು ಬಂದರು. ಎಲೆ ಅಡಿಕೆ, ಮಾತು, ನಗು. ಮರುದಿನ ಮುಂಜಾನೆ ತೂಗಿದರೆ, ಹಿಂದಿನ ದಿನಕ್ಕಿಂತ ನೂರಾ ಇಪ್ಪತ್ತು ಗ್ರಾಂ ಕಡಿಮೆ!

ನಾನು ಕೂಸನ್ನು ಎತ್ತಿಸಿ, ಬ್ಯಾಟರಿಗೆ ಮೀಟರ್ ಹಚ್ಚಿದೆ. ಭರ್ತಿ ಇತ್ತು. ಎರಡೂ ರೆಗ್ಯುಲೇಟರ್ ಅಳೆದೆ. ಸರಿ ಇದ್ದವು. ಅದೇ ಕೌದಿಯ ಮೇಲೆ ಮುದ್ರೆ ಕಲ್ಲು ಇಟ್ಟೆ. ಎರಡು ಕಿಲೋ, ಒಂದು ಗ್ರಾಂ ಆಚೀಚೆ ಇಲ್ಲ.

"ಕಾಟಾ ತಪ್ಪಿರಬೇಕು ನೋಡ್ರಿ," ಎಂದಳು ಹೆಂಡತಿ.

"ಕಾಟಾ ತಪ್ಪಿಲ್ಲ."

"ಮತ್ತ?"

ಆನೆಮರಿಯ ಕಾಟಾ ಆಗಿದ್ದರೆ ಚಾರ್ಜರಿಗೆ ನಾಲ್ಕು ಬೈದು, ಮತ್ತೆ ತೂಗಿ, ಬೇಕಾದ ಅಂಕಿ ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ನಾನು ಆ ಬಾಗಿಲನ್ನು ನನ್ನ ಕೈಯಾರೆ ಮುಚ್ಚಿದ್ದೆ. ಕಾಟಾ ಹೇಳಿದ್ದನ್ನು ನಂಬಲೇಬೇಕು.

ಮಗಳು ಎದ್ದು ಬಟ್ಟೆ ಮಡಿಸತೊಡಗಿದಳು. ಫೋನು ಹೋದ ಒಂದು ತಾಸಿಗೆಲ್ಲ ಅಳಿಯ ಕಲಬುರಗಿಯಿಂದ ಯಾರದೋ ಕಾರನ್ನು ಡ್ರೈವರ್ ಸಮೇತ ತಂದು ಬಾಗಿಲಲ್ಲಿ ನಿಲ್ಲಿಸಿದರು. ಅಳಿಯನ ಕೂದಲು ಕೆದರಿತ್ತು, ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದರು.

"ಮಾವಾರ, ಇನ್ನೊಮ್ಮಿ ತೂಗೂಣೇನ್ರಿ?"

"ಸಾವಿರ ಸಲ ತೂಗ್ರಿ. ಇದು ನಿಮ್ಮಂಗಡಿ ಮಾಲಲ್ಲ, ಒಮ್ಮಿಗೊಂದು ಮಾತಾಡಾಕ." ಹೀಗೆ ಅಂದೆನಾದರೂ ಅವತ್ತು ಅಳಿಯನ ಮೇಲೆ ಸಿಟ್ಟಿರಲಿಲ್ಲ. ಡಾಕ್ಟರಿಗೆ ಹೇಳಲು ಹೊರಡುವ ಹೊತ್ತಿನ ಅಂಕಿಯೂ ಇರಲೆಂದು ಕಾಟಾವನ್ನು ಪಡಸಾಲೆಗೆ ತಂದೆ.

ಅಷ್ಟರಲ್ಲಿ ಕೂಸು ಹಾಲು ಕುಡಿದಿತ್ತು. ಹೆಂಡತಿ ಅದಕ್ಕೆ ಟೊಪ್ಪಿಗೆ ಹಾಕಿ, ಹಣೆಗೂ ಕೆನ್ನೆಗೂ ಕಪ್ಪು ಇಟ್ಟು, ಕೌದಿಯಲ್ಲಿ ಎತ್ತಿ ತಂದು ತಟ್ಟೆಯಲ್ಲಿ ಮಲಗಿಸಿದಳು. ಅಂಕಿ ಏರಿತು. ನಿನ್ನೆಯದನ್ನು ದಾಟಿ ನಿಂತಿತು.

"ಅಯ್ಯ, ಏರ್ತಲ್ರಿ!" ಎಂದರು ಅಳಿಯ.

"ಹಾಲು ಕುಡದದ ಯಪ್ಪಾ," ಎಂದಳು ಮಗಳು, ಆಸೆ ಪಡಲೋ ಬೇಡವೋ ಎಂಬಂತೆ.

ಹಾಲಿನ ತೂಕ ಎಷ್ಟು ಬಂದೀತು? ಟೊಪ್ಪಿಗೆ ಸೇರಿಸಿದರೂ ಅಷ್ಟಾಗುವುದಿಲ್ಲ. ನನ್ನ ಸಪ್ಲೈಯಲ್ಲಿ ಅಂಕಿ ತಾನಾಗಿ ಏರುವುದಿಲ್ಲ. ಏರಿತೆಂದರೆ ತಟ್ಟೆಯ ಮೇಲೆ ಏನೋ ಏರಿದೆ. ಅಂಕಿ ಬಿಟ್ಟು ಕೌದಿ ನೋಡಿದೆ, ಕೌದಿ ಬಿಟ್ಟು ಹೆಂಡತಿಯ ಮುಖ ನೋಡಿದೆ. ಅವಳು ಗಿರಣಿ ಕಡೆಯ ಗೋಡೆ ನೋಡುತ್ತಿದ್ದಳು.

ಕೌದಿಯ ಮಡಿಕೆಯಲ್ಲಿ ಕೈ ಹಾಕಿದೆ. ತಣ್ಣಗೆ ಏನೋ ತಾಕಿತು. ಎಳೆದರೆ ಅವಳ ಅಡಕತ್ತಿ! ದಿನಾ ಊಟವಾದ ಮೇಲೆ ಅಡಿಕೆ ಕತ್ತರಿಸುವ, ಅವಳ ತವರಿನಿಂದ ಬಂದ ಕಬ್ಬಿಣದ ಅಡಕತ್ತಿ.

"ಏನಿದು?"

"ಕಬ್ಬಣ."

"ಅದು ಕಾಣಸ್ತದ. ಇಲ್ಲ್ಯಾಕ ಬಂತು?"

"ಕುಡಗೋಲು ತಗಸಿದ್ರಿ. ಮತ್ತ ಕೂಸಿನ್ನ ಕಾಟಾದಾಗ ಇಟ್ಟು ಎಲ್ಲಾರೂ ಕಣ್ಣ ಕಿಸದು ನೋಡ್ತೀರಿ. ನಾ ಏನ್ ಮಾಡ್ಲಿ? ತೂಗೂ ಮುಂದ ಇಡ್ತಿದ್ದೆ, ಆಮ್ಯಾಲ ತಗೀತಿದ್ದೆ."

"ಯಾವತ್ತಿಂದ?"

"ನಿಮ್ಮ ಕಾಟಾ ಬಂದ ದಿನದಿಂದ."

"ದಿನಾ?"

"ದಿನಾ. ಒಂದಿನ ಇಟ್ಟು ಒಂದಿನ ಬಿಡಾಕ ನಾ ಏನ್ ಹುಚ್ಚೀನೇನ್ರಿ? ಇವತ್ತ ಮುಂಜಾನಿ ಮಾತ್ರ ಸಿಗಲಿಲ್ಲ. ನಿನ್ನಿ ಬಂದಾವ್ರಿಗೆ ಅಡಿಕಿ ಕತ್ತರಸಿ ಎಲಿ ಅಡಿಕಿ ತಬಕನ್ಯಾಗ ಬಿಟ್ಟಿದ್ದೆ. ಈಗ ದಾರಿಗೆ ಬೇಕಲ್ಲ ಅಂತ ಹುಡುಕಿ ತಂದೆ."

ಅಡಕತ್ತಿಯನ್ನು ಕೂಸಿಲ್ಲದ ಕೌದಿಯ ಮೇಲಿಟ್ಟು ತೂಗಿದೆ. ನೂರಾ ನಲವತ್ತು ಗ್ರಾಂ. ನಿನ್ನೆಯ ಅಂಕಿಯಿಂದ ಅದನ್ನು ಕಳೆದು, ಅಡಕತ್ತಿ ಇಲ್ಲದ ಇವತ್ತಿನ ಮುಂಜಾನೆಯ ಅಂಕಿಯನ್ನು ಪಕ್ಕದಲ್ಲಿಟ್ಟರೆ, ಕೂಸು ಇಪ್ಪತ್ತು ಗ್ರಾಂ ಏರಿತ್ತು. ಇಳಿದಿದ್ದುದು ಅಡಕತ್ತಿ ಮಾತ್ರ.

ಮಗಳಿಗೆ ನಾನು ಎರಡು ಸಲ ಹೇಳಬೇಕಾಯಿತು. ಆಮೇಲೆ ಅವಳು ಮಡಿಸಿದ ಬಟ್ಟೆಯ ಮೇಲೆಯೇ ಕೂತು, ಕೂಸನ್ನು ಮಡಿಲಲ್ಲಿಟ್ಟುಕೊಂಡು, ಗಟ್ಟಿಯಾಗಿ ಅತ್ತಳು. ಕಾರು ಬಾಗಿಲಲ್ಲೇ ನಿಂತಿತ್ತು. ಅದರ ಡ್ರೈವರಿಗೆ ಹೆಂಡತಿ ಚಹಾ ಕೊಟ್ಟು ಕಳಿಸಿದಳು.

ಅಳಿಯ ಅಂಕಿ ನೋಡುತ್ತ ಮೆಲ್ಲಗೆ ಕೇಳಿದರು. "ಅಂದ್ರ ಮಾವಾರ, ಆಸ್ಪತ್ರಿ ಕಾಟಾ ಖರೇನ ಇತ್ತೇನ್ರಿ?"

"ನಿಮಗ ಅಂಗಡಿ ಇಲ್ಲೇನ್ರಿ ಇವತ್ತ?" ಎಂದೆ.

ಹೆಂಡತಿಯ ಜೊತೆ ಸಂಜೆಯವರೆಗೆ ವಾದ ನಡೆಯಿತು. ತೂಗುವಾಗ ಕಬ್ಬಿಣ ಇಡಬೇಡ ಎಂದೆ. ಹಾಗಾದರೆ ತೂಗಬೇಡಿ ಎಂದಳು. ಎಡಿಸಿಯ ಬಗ್ಗೆ ಇಷ್ಟುದ್ದ ಹೇಳಿದೆ. ಎಲ್ಲ ಕೇಳಿ, "ನಿಮ್ಮ ಚಿಪ್ಪಿಗೆ ಚೊಕ್ಕ ಕರೆಂಟು ಬೇಕು, ನನ್ನ ಕೂಸಿಗೆ ಕಬ್ಬಣ ಬೇಕು. ನಿಮ್ಮದು ನಾ ಕೇಳಿಲ್ಲ, ನಂದು ನೀವ್ಯಾಕ ಕೇಳ್ತೀರಿ?" ಎಂದಳು. ನನಗೆ ನಂಬಿಕೆಯಿಲ್ಲದ ಮಾತು, ಇವತ್ತಿಗೂ ಇಲ್ಲ. ಆದರೆ ಅವಳು ಕದ್ದು ಇಡುವುದನ್ನು ತಡೆಯಲು ನನ್ನಲ್ಲಿ ಯಾವ ರೆಗ್ಯುಲೇಟರೂ ಇರಲಿಲ್ಲ. ಕೌದಿಯ ಒಳಗೆ ಅಡಕತ್ತಿಯನ್ನು ಅವಳ ಕೈಯಿಂದಲೇ ಹೊಲಿಸಿ, ಅದರ ತೂಕವನ್ನೂ ಕಳೆದು, ಹೊಸದಾಗಿ ಸೊನ್ನೆ ಕೂರಿಸಿದೆ.

ಅಡಿಕೆ ಕತ್ತರಿಸಲು ಅವಳಿಗೆ ಇನ್ನೊಂದು ಬೇಕಾಯಿತು. ಅಳಿಯ ಸೂಪರ್ ಮಾರ್ಕೆಟ್ಟಿನಿಂದ ತಂದರು, ಪಳಪಳ ಹೊಳೆಯುವ ಸ್ಟೀಲಿನದು. ಅವಳು ಅದನ್ನು ಕೈಯಲ್ಲಿ ತೂಗಿ ನೋಡಿ, ಮೂಗು ಮುರಿದು, "ಹಗೂರ ಅದ. ಇದು ಅಡಿಕಿಗೆ ಆತು, ದಿಟ್ಟಿಗೆ ಆಗಂಗಿಲ್ಲ," ಎಂದಳು. ಆ ಒಂದು ಮಾತನ್ನು ನಾನೂ ಒಪ್ಪಿದೆ.

ಕೂಸು ದುಂಡಗಾಗಿ, ಕೈಗೆ ಭಾರ ಬಂದ ಮೇಲೆ ಮಗಳು ಗಂಡನ ಮನೆಗೆ ಹೊರಟಳು. ಕಾಟಾವನ್ನೂ ಕೌದಿಯನ್ನೂ ಕಾರಿನಲ್ಲಿಟ್ಟು, ಅಳಿಯನನ್ನು ಪಕ್ಕಕ್ಕೆ ಕರೆದೆ.

"ನೋಡ್ರಿ, ತೂಗೂಕಿಂತ ಮೊದಲ ಪ್ಲಗ್ಗು ಕೀಳ್ರಿ. ಕೌದಿ ಬಿಚ್ಚಬ್ಯಾಡ್ರಿ."

"ಹೂಂ ಮಾವಾರ."

"ಬ್ಯಾಟರಿ ಇಳದ್ರ ನಿಮ್ಮಂಗಡಿ ಚಾರ್ಜರ್ ಹಚ್ಚಬ್ಯಾಡ್ರಿ."

"ಇಲ್ರಿ ಮಾವಾರ."

ಕಾರು ಹೋದ ಮೇಲೆ ಮಂಚದ ಕೆಳಗೆ ಬಗ್ಗಿ ನೋಡಿದೆ. ಆನೆಮರಿಯ ಕಾಟಾ ಅಲ್ಲಿರಲಿಲ್ಲ. ಹೆಂಡತಿ ಅಡುಗೆಮನೆಯಲ್ಲಿ ಅದರ ಮೇಲೆ ಬಾಳೆಹಣ್ಣು ಇಟ್ಟು, ಚಾರ್ಜರನ್ನು ಗೋಡೆಗೆ ಚುಚ್ಚಿ, ಕುಣಿಯುವ ಅಂಕಿಗಳನ್ನು ನೋಡುತ್ತ ಕೂತಿದ್ದಳು.